ಮನೆಯ ನಾಲ್ಕು ಫೋನ್‌ಗಳನ್ನು ಕಳ್ಳರಿಂದ ಕಾಪಾಡಲು ಮಾಡಿದ ಕೆಲಸ: ಹಂತ, ಖರ್ಚು, ಕೈಕೊಟ್ಟ ಕಡೆಗಳು

ಮನೆಯ ನಾಲ್ಕು ಫೋನ್‌ಗಳ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಏನೇನು ಮಾಡಿದೆವು, ಯಾವುದು ಕೈಕೊಟ್ಟಿತು, ಎಷ್ಟು ಖರ್ಚಾಯಿತು ಎನ್ನುವುದನ್ನು ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ಮೂರು ಆಂಡ್ರಾಯ್ಡ್: ಅಪ್ಪನದು ಮೆಮೊರಿ ಕಾರ್ಡ್ ಹಾಕಿದ ಹಳೆಯದು, ಅಮ್ಮನದು ಸ್ಯಾಮ್‌ಸಂಗ್, ನನ್ನದು ಇನ್ನೊಂದು. ಬೆಂಗಳೂರಿನಲ್ಲಿ ಕೆಲಸ ಮಾಡುವ ತಂಗಿಯದು ಐಫೋನ್.

ಇದಕ್ಕೆ ಕೈಹಾಕಿದ್ದಕ್ಕೆ ಕಾರಣವಿದೆ. ನಮ್ಮ ಬೀದಿಯ ಹಿರಿಯರೊಬ್ಬರು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತುವ ನೂಕುನುಗ್ಗಲಲ್ಲಿ ಫೋನ್ ಕಳೆದುಕೊಂಡರು. ಫೋನಿಗೆ ಲಾಕ್ ಇತ್ತು, ಆದರೂ ಖಾತೆಯಿಂದ ದುಡ್ಡು ಹೋಯಿತು. ಕದ್ದವನು ಲಾಕ್ ತೆಗೆಯುವ ಗೋಜಿಗೇ ಹೋಗಿರಲಿಲ್ಲ. ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿಕೊಂಡಿದ್ದ. ಫ್ಲಿಪ್ ಕವರ್‌ನಲ್ಲಿ ಎಟಿಎಂ ಕಾರ್ಡೂ ಇತ್ತು, ಅದರ ಪಿನ್ ಬರೆದ ಚೀಟಿಯೂ ಇತ್ತು. ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ, ಸಿಮ್‌ಗೆ ಬರುವ ಓಟಿಪಿ, ಕೆಲವು ಬ್ಯಾಂಕ್‌ಗಳಲ್ಲಿ ಜೊತೆಗೆ ಎಟಿಎಂ ಪಿನ್. ಹೊಸ ಫೋನಿನಲ್ಲಿ ಯುಪಿಐ ಪಿನ್ ಹಾಕಿಕೊಳ್ಳಲು ಇಷ್ಟು ಸಾಕು. ಅವರು ನಮ್ಮ ಮನೆಗೆ ಬಂದು ಅಪ್ಪನ ಫೋನ್ ಇಸಿದುಕೊಂಡು ಬ್ಯಾಂಕಿಗೆ ಫೋನ್ ಮಾಡಲು ಕೂತಾಗ ಬ್ಯಾಂಕಿನ ನಂಬರ್ ಗೊತ್ತಿಲ್ಲ, ಮಗನ ನಂಬರ್ ಬಾಯಿಪಾಠವಿಲ್ಲ, ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಎಂದರೆ ಏನೆಂದು ತಿಳಿಯದು. ಬೇಕಾದದ್ದೆಲ್ಲ ಆ ಕಳೆದುಹೋದ ಫೋನಿನ ಒಳಗೇ ಇತ್ತು.

ಹಾಗಾಗಿ ನಮ್ಮ ಕೆಲಸಕ್ಕೆ ಎರಡು ಗುರಿ ಇಟ್ಟುಕೊಂಡೆವು. ಫೋನ್ ಹೋದರೂ ಸಿಮ್ ಕಳ್ಳನಿಗೆ ಉಪಯೋಗಕ್ಕೆ ಬರಬಾರದು. ಫೋನ್ ಹೋದ ಮೇಲೆ ಬೇಕಾಗುವ ಪ್ರತಿಯೊಂದೂ ಫೋನಿನ ಹೊರಗೆ ಇರಬೇಕು.

ಹಂತ 1: ಕವರ್ ಖಾಲಿ ಮಾಡಿದ್ದು

ಅಪ್ಪನ ಫ್ಲಿಪ್ ಕವರ್ ಬಿಚ್ಚಿ ಊಟದ ಮೇಜಿನ ಮೇಲೆ ಹರವಿದೆ. ಎಟಿಎಂ ಕಾರ್ಡ್, ಆಧಾರ್ ಕಾರ್ಡ್, ಹಿರಿಯ ನಾಗರಿಕರ ಬಸ್ ಗುರುತಿನ ಚೀಟಿ, ಮಡಚಿ ಮಡಚಿ ಅಂಚು ಸವೆದ ಒಂದು ಕಾಗದ. ಕಾಗದದಲ್ಲಿ ನಾಲ್ಕಂಕಿಯ ಸಂಖ್ಯೆ, ಮುಂದೆ ಏನೂ ಬರೆದಿಲ್ಲ. "ಅದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ ಬಿಡು" ಎಂದರು ಅಪ್ಪ. ಎಟಿಎಂ ಕಾರ್ಡಿನ ಹಿಂದೆ ಸಿಕ್ಕಿಸಿದ ನಾಲ್ಕಂಕಿಯ ಸಂಖ್ಯೆ ಏನೆಂದು ಊಹಿಸಲು ಕಳ್ಳನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾರ್ಡ್‌ಗಳೆಲ್ಲ ಪರ್ಸಿಗೆ ಹೋದವು. ಪರ್ಸ್ ಒಂದು ಜೇಬು, ಫೋನ್ ಇನ್ನೊಂದು ಜೇಬು. ಚೀಟಿ ಹರಿದೆವು, ಎಟಿಎಂಗೆ ಹೋಗಿ ಪಿನ್ನನ್ನೂ ಬದಲಿಸಿದೆವು. ಫ್ಲಿಪ್ ಕವರ್ ತೆಗೆದು ಸಾದಾ ಹಿಂಬದಿ ಕವರ್ ಹಾಕಿಸಿದೆ. ಖಾನೆ ಇದ್ದರೆ ಅದರಲ್ಲಿ ಮತ್ತೆ ಏನಾದರೂ ಸೇರಿಯೇ ಸೇರುತ್ತದೆ. ಕವರ್ ಮನೆಯಲ್ಲೇ ಇತ್ತು, ಖರ್ಚಿಲ್ಲ. ಇಡೀ ಕೆಲಸದಲ್ಲಿ ಅತಿ ಕಡಿಮೆ ಹೊತ್ತು ಹಿಡಿದದ್ದು ಇದು. ನೀವು ಒಂದೇ ಒಂದು ಹಂತ ಮಾಡುವುದಾದರೆ ಇದನ್ನೇ ಮಾಡಿ.

ಹಂತ 2: ಐಎಂಇಐ, ಬಿಲ್

ಪ್ರತಿ ಫೋನಿನಲ್ಲೂ *#06# ಒತ್ತಿ ಬಂದ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದೊಂದೂ 15 ಅಂಕಿ. ಎರಡು ಸಿಮ್ ಹಾಕುವ ಫೋನಿಗೆ ಎರಡು ಐಎಂಇಐ ಇರುತ್ತವೆ, ಎರಡೂ ಬೇಕು. ಬರೆದದ್ದನ್ನು ತಂಗಿ ಗಟ್ಟಿಯಾಗಿ ಓದಿದಳು, ನಾನು ತೆರೆ ನೋಡಿ ತಾಳೆ ಹಾಕಿದೆ. ಒಂದು ಅಂಕಿ ಹೆಚ್ಚುಕಡಿಮೆಯಾದರೂ ಆ ಸಂಖ್ಯೆ ಉಪಯೋಗಕ್ಕೆ ಬಾರದು.

ಇದು ಬೇಕಾಗುವುದು ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆಗೆ. ಕಳುವಾದ ಫೋನಿನ ಐಎಂಇಐಯನ್ನು ಅಲ್ಲಿ ಬ್ಲಾಕ್ ಮಾಡಿಸಿದರೆ ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ಆ ಫೋನ್ ನೆಟ್‌ವರ್ಕ್ ಹಿಡಿಯುವುದಿಲ್ಲ. ಯಾರಾದರೂ ಹಾಕಲು ನೋಡಿದರೆ ಆ ಸುಳಿವು ಪೊಲೀಸರಿಗೆ ಸಿಗುತ್ತದೆ. 2023ರ ಮೇ ತಿಂಗಳಲ್ಲಿ ಶುರುವಾದ ಸಂಚಾರ್ ಸಾಥಿ ಜಾಲತಾಣದಲ್ಲಿ ಇದು ಸಿಗುತ್ತದೆ. 2025ರಿಂದ ಆ್ಯಪ್ ಕೂಡ ಇದೆ. ಅರ್ಜಿಯಲ್ಲಿ ಐಎಂಇಐ, ಕಂಪನಿ, ಮಾಡೆಲ್, ಕೊಂಡ ಬಿಲ್, ಕಳೆದ ಜಾಗ ಮತ್ತು ದಿನ, ಪೊಲೀಸ್ ದೂರಿನ ಪ್ರತಿ, ಗುರುತಿನ ದಾಖಲೆ ಕೇಳುತ್ತಾರೆ. ಎಲ್ಲ ಆದ ಮೇಲೆ ಒಂದು ರಿಕ್ವೆಸ್ಟ್ ಐಡಿ ಕೊಡುತ್ತಾರೆ. ಫೋನ್ ವಾಪಸ್ ಸಿಕ್ಕಾಗ ಬ್ಲಾಕ್ ತೆಗೆಸಲು ಆ ಐಡಿ ಬೇಕೇ ಬೇಕು.

ಇಲ್ಲಿ ತಡವಾದದ್ದು ಬಿಲ್ ಹುಡುಕುವುದರಲ್ಲಿ. ನನ್ನದು, ತಂಗಿಯದು ಆನ್‌ಲೈನ್‌ನಲ್ಲಿ ಕೊಂಡವು, ಇ-ಮೇಲಿನಲ್ಲಿ ಸಿಕ್ಕವು. ಅಪ್ಪನ ಬಿಲ್ ಫೋನಿನ ಡಬ್ಬಿಯೊಳಗೇ ಇತ್ತು, ಆದರೆ ಅಂಗಡಿಯ ಥರ್ಮಲ್ ಕಾಗದ; ಅಕ್ಷರ ಅರ್ಧಕ್ಕರ್ಧ ಅಳಿಸಿಹೋಗಿತ್ತು. ಬಿಸಿಲಿಗೆ ಹಿಡಿದು ಫೋಟೊ ತೆಗೆದು ನೋಡಿದೆ, ಸ್ಕ್ಯಾನ್ ಆ್ಯಪ್‌ನಲ್ಲಿ ಕಪ್ಪು ಹೆಚ್ಚಿಸಿ ನೋಡಿದೆ, ಐಎಂಇಐ ಇದ್ದ ಸಾಲು ಮಾತ್ರ ಕಾಣಲೇ ಇಲ್ಲ. ಅಮ್ಮನ ಫೋನಿಗೆ ಬಿಲ್ಲೇ ಇರಲಿಲ್ಲ. ಇಬ್ಬರದೂ ಒಂದೇ ಅಂಗಡಿಯಲ್ಲಿ ಕೊಂಡದ್ದು. ಅಂಗಡಿಯವರಿಗೆ ಅಮ್ಮನ ಫೋನ್ ನಂಬರ್ ಕೊಟ್ಟು ಕೇಳಿದಾಗ ಅವರ ಕಂಪ್ಯೂಟರಿನಲ್ಲಿ ಎರಡೂ ಸಿಕ್ಕವು, ಎ4 ಹಾಳೆಯಲ್ಲಿ ಮತ್ತೆ ತೆಗೆದುಕೊಟ್ಟರು. ಥರ್ಮಲ್ ಬಿಲ್ ಇರುವವರು ಕೊಂಡ ದಿನವೇ ಜೆರಾಕ್ಸ್ ಮಾಡಿಸಿಡುವುದು ಒಳ್ಳೆಯದು.

ಹಂತ 3: ಲಾಕ್ ಸ್ಕ್ರೀನ್

ಅಪ್ಪನದು ಎಲ್ ಆಕಾರದ ಪ್ಯಾಟರ್ನ್. ದೀಪಕ್ಕೆ ಓರೆಯಾಗಿ ಹಿಡಿದರೆ ಬೆರಳಿನ ಜಿಡ್ಡಿನ ಗೆರೆ ಗಾಜಿನ ಮೇಲೆ ಹಾಗೇ ಕಾಣುತ್ತಿತ್ತು. ಅಮ್ಮನದು ಹುಟ್ಟಿದ ವರ್ಷ. ಎರಡನ್ನೂ ಆರಂಕಿಯ ಪಿನ್‌ಗೆ ಬದಲಿಸಿ, ದಿನದ ಬಳಕೆಗೆ ಬೆರಳಚ್ಚು ಇಟ್ಟೆವು. ತೆರೆ ತಾನಾಗಿ ಆರುವ ಸಮಯ 30 ಸೆಕೆಂಡ್. ಲಾಕ್ ಆಗಿರುವಾಗ ಮೆಸೇಜಿನ ಒಳವಿಷಯ ಕಾಣಬಾರದು ಎನ್ನುವ ಸೆಟ್ಟಿಂಗ್ ನಾಲ್ಕರಲ್ಲೂ ಹಾಕಿದೆ. ಇಲ್ಲದಿದ್ದರೆ ಲಾಕ್ ತೆಗೆಯದೆಯೇ ಓಟಿಪಿ ಓದಬಹುದು.

ಆಮೇಲೆ ಮಾಡಿದ ಪರೀಕ್ಷೆ ನಮ್ಮನ್ನು ಬೆಚ್ಚಿಬೀಳಿಸಿತು. ಲಾಕ್ ಆದ ಫೋನಿನ ತೆರೆಯನ್ನು ಮೇಲಿಂದ ಕೆಳಕ್ಕೆ ಎಳೆದು ಏರೋಪ್ಲೇನ್ ಗುರುತು ಒತ್ತಿದೆ. ಪಿನ್ ಕೇಳದೆ ಒಪ್ಪಿಕೊಂಡುಬಿಟ್ಟಿತು. ಅಲ್ಲಿಗೆ ಇಂಟರ್‌ನೆಟ್ ಇಲ್ಲ, ಫೋನ್ ಎಲ್ಲಿದೆಯೆಂದು ಹುಡುಕುವುದೂ ಕಷ್ಟ, ದೂರದಿಂದ ಲಾಕ್ ಮಾಡುವುದೂ ಇಲ್ಲ. ಸರಿಪಡಿಸುವ ಜಾಗ ಒಂದೊಂದು ಫೋನಿನಲ್ಲಿ ಒಂದೊಂದು ಕಡೆ. ಅಮ್ಮನ ಸ್ಯಾಮ್‌ಸಂಗ್‌ನಲ್ಲಿ ಲಾಕ್ ಆಗಿರುವಾಗ ನೆಟ್‌ವರ್ಕ್ ಬಟನ್‌ಗಳಿಗೂ ಲಾಕ್ ಹಾಕುವ ಆಯ್ಕೆ ಸಿಕ್ಕಿತು. ಅಪ್ಪನದರಲ್ಲಿ ಲಾಕ್ ಸ್ಕ್ರೀನಿನಲ್ಲಿ ಮೇಲಿನ ಪಟ್ಟಿ ಎಳೆಯಲಾಗದಂತೆ ಮಾಡಬಹುದಿತ್ತು. ಅದರ ಜೊತೆಗೆ ಸ್ವಿಚ್ ಆಫ್ ಮಾಡಲೂ ಪಿನ್ ಕೇಳುವ ಆಯ್ಕೆ ಇತ್ತು, ಎರಡನ್ನೂ ಹಾಕಿದೆ. ಐಫೋನ್‌ನಲ್ಲಿ ಫೇಸ್ ಐಡಿ ಮತ್ತು ಪಾಸ್‌ಕೋಡ್ ಪುಟದ ಕೊನೆಗೆ, ಲಾಕ್ ಆಗಿರುವಾಗ ಯಾವುದಕ್ಕೆಲ್ಲ ಅನುಮತಿ ಎನ್ನುವ ಪಟ್ಟಿಯಲ್ಲಿ ಕಂಟ್ರೋಲ್ ಸೆಂಟರ್ (ಏರೋಪ್ಲೇನ್ ಗುರುತು ಇರುವ ಫಲಕ) ಆಫ್ ಮಾಡಬೇಕು. ನನ್ನ ಫೋನಿನಲ್ಲಿ ಅಂಥ ಆಯ್ಕೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ಹಾಗೇ ಉಳಿದಿದೆ.

ಗೂಗಲ್ ಸೆಟ್ಟಿಂಗ್ಸ್ ಒಳಗೆ ಕಳ್ಳತನ ರಕ್ಷಣೆ ಅಂದರೆ ಥೆಫ್ಟ್ ಪ್ರೊಟೆಕ್ಷನ್ ಎಂಬ ಪುಟ ಇದೆ, ಆಂಡ್ರಾಯ್ಡ್ 10 ಮತ್ತು ಅದರ ಮೇಲಿನವಕ್ಕೆ. ಅದರಲ್ಲಿ ಕೈಯಿಂದ ಫೋನ್ ಕಿತ್ತುಕೊಂಡು ಓಡಿದರೆ ಅಲುಗಾಟದಿಂದ ಗುರುತಿಸಿ ತೆರೆ ಲಾಕ್ ಮಾಡುವುದು ಒಂದು, ಫೋನ್ ಆಫ್‌ಲೈನ್ ಹೋದಾಗ ಲಾಕ್ ಮಾಡುವುದು ಇನ್ನೊಂದು. ಎರಡೂ ಆನ್ ಮಾಡಿದೆ. ಮೊದಲನೆಯದನ್ನು ಪರೀಕ್ಷಿಸಲು ನಾನು ಗೇಟಿನ ಹತ್ತಿರ ಫೋನ್ ನೋಡುತ್ತಾ ನಿಂತೆ, ತಂಗಿ ಹಿಂದಿನಿಂದ ಬಂದು ಕಿತ್ತುಕೊಂಡು ಬೀದಿಯ ಕೊನೆಯವರೆಗೆ ಓಡಿದಳು. ಮೊದಮೊದಲು ಏನೂ ಆಗಲಿಲ್ಲ, ತೆರೆದ ಫೋನ್ ತೆರೆದೇ ಇತ್ತು. ಅವಳು ಜೋರಾಗಿ ಸೆಳೆದು ನಿಲ್ಲದೆ ಓಡಿದಾಗ ಒಮ್ಮೆ ಲಾಕ್ ಆಯಿತು. ಇದು ಇದೆಯೆಂದು ನೆಚ್ಚಿಕೊಂಡು ಕೂರುವ ಹಾಗಿಲ್ಲ, ಆದರೆ ಆನ್ ಮಾಡಿಡುವುದರಿಂದ ನಷ್ಟವಿಲ್ಲ.

ತಂಗಿಯ ಐಫೋನ್‌ನಲ್ಲಿ ಐಒಎಸ್ 17.3ರಿಂದ ಬಂದ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಮಾಡಿದೆವು. ಪಾಸ್‌ಕೋಡ್ ಕದ್ದು ನೋಡಿದವನಿಗೂ ಆಪಲ್ ಖಾತೆಯ ಪಾಸ್‌ವರ್ಡ್ ಬದಲಿಸಲು ಮುಖವೋ ಬೆರಳೋ ಬೇಕು, ಆಮೇಲೆ ಒಂದು ಗಂಟೆ ಕಾಯಬೇಕು, ಮತ್ತೆ ಮುಖ ತೋರಿಸಬೇಕು. ಪರಿಚಿತ ಜಾಗಗಳಲ್ಲಿ ಈ ಕಟ್ಟು ಸಡಿಲವಾಗುತ್ತದೆ. ಅವಳದು ಪಿಜಿ, ಬಂದುಹೋಗುವವರು ಬಹಳ ಜನ. ಹಾಗಾಗಿ ಎಲ್ಲ ಕಡೆಯೂ, ಯಾವಾಗಲೂ ಎಂದೇ ಇಟ್ಟೆವು.

ಹಂತ 4: ಸಿಮ್ ಪಿನ್

ಹೆಚ್ಚು ಹೊತ್ತು ಹಿಡಿದದ್ದು ಇದೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಸಿಮ್‌ಗೆ ಪಿನ್ ಹಾಕಿದರೆ ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ, ಆ ಸಿಮ್ ಬೇರೆ ಫೋನಿಗೆ ಹಾಕಿದಾಗಲೆಲ್ಲ ಪಿನ್ ಕೇಳುತ್ತದೆ. ಪಿನ್ ಕೊಡುವ ತನಕ ಕರೆಯಿಲ್ಲ, ಮೆಸೇಜಿಲ್ಲ, ಓಟಿಪಿಯಿಲ್ಲ. ನಮ್ಮ ಬೀದಿಯ ಹಿರಿಯರ ಸಿಮ್‌ಗೆ ಇದೊಂದು ಇದ್ದಿದ್ದರೆ ಯುಪಿಐ ಮೂಲಕ ಅವರ ದುಡ್ಡು ಹೋಗುತ್ತಿರಲಿಲ್ಲ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಹುಡುಕುವ ಜಾಗದಲ್ಲಿ ಸಿಮ್ ಲಾಕ್ ಎಂದು ಹಾಕಿದರೆ ಸಿಗುತ್ತದೆ. ಆನ್ ಮಾಡುವಾಗ ಮೊದಲು ಹಳೆಯ ಪಿನ್ ಕೇಳುತ್ತದೆ. ಅದು ಸಿಮ್ ಕೊಟ್ಟ ಕಂಪನಿ ಮೊದಲೇ ಹಾಕಿರುವ ಪಿನ್, ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ಖಚಿತಮಾಡಿಕೊಳ್ಳದೆ ಊಹೆಯ ಮೇಲೆ ಒತ್ತಬಾರದು. ಮೂರು ಸಲ ತಪ್ಪಾದರೆ ಸಿಮ್ ಲಾಕ್ ಆಗಿ ಪಿಯುಕೆ ಎಂಬ ಎಂಟಂಕಿಯ ಸಂಖ್ಯೆ ಕೇಳುತ್ತದೆ. ಪಿಯುಕೆ ಹತ್ತು ಸಲ ತಪ್ಪಾದರೆ ಸಿಮ್ ಸತ್ತಂತೆಯೇ, ಹೊಸದನ್ನೇ ತರಬೇಕು.

ಅಪ್ಪನ ಸಿಮ್ ಪಿಯುಕೆ ಕೇಳುವ ತನಕ ಹೋಯಿತು. ಕಸ್ಟಮರ್ ಕೇರ್‌ನವರು ಹೇಳಿದ ಪಿನ್ ಒತ್ತಿದರೆ ತಪ್ಪು ಎಂದಿತು. ಮತ್ತೊಮ್ಮೆ ನಿಧಾನವಾಗಿ ಒತ್ತಿದರೂ ತಪ್ಪು. ಆ ಸಿಮ್ ಬೇರೆ ಕಂಪನಿಯಿಂದ ಪೋರ್ಟ್ ಆದದ್ದು ಎಂದುಕೊಂಡು ಅಪ್ಪ ಹಳೆಯ ಕಂಪನಿಯ ಪಿನ್ ಒತ್ತಿದರು, ಸಿಮ್ ಲಾಕ್ ಆಯಿತು. ಪೋರ್ಟ್ ಮಾಡಿಸಿದಾಗ ಕಾರ್ಡ್ ಹೊಸದೇ ಬಂದಿರುತ್ತದೆ, ಹಳೆಯ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ. ಪಿಯುಕೆ ಸಾಮಾನ್ಯವಾಗಿ ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಮುದ್ರಿಸಿರುತ್ತದೆ. ಆ ಕಾರ್ಡನ್ನು ಯಾರು ತಾನೇ ಎತ್ತಿಟ್ಟಿರುತ್ತಾರೆ? ಮತ್ತೆ ನನ್ನ ಫೋನಿನಿಂದ ಕಸ್ಟಮರ್ ಕೇರ್‌ಗೆ ಕರೆ, ಅಪ್ಪನ ಹೆಸರು, ವಿಳಾಸ, ಕೊನೆಯ ರೀಚಾರ್ಜ್ ಎಷ್ಟರದು ಎಂದೆಲ್ಲ ಕೇಳಿ ಪಿಯುಕೆ ಕೊಟ್ಟರು. ಅದನ್ನು ಒತ್ತಿ ಹೊಸ ಪಿನ್ ಹಾಕಿದ ಮೇಲೆ ಸಿಗ್ನಲ್ ಕಡ್ಡಿ ಮೂಡಿತು. ಉಳಿದವರ ಸಿಮ್‌ಗೆ ಕೈಹಚ್ಚುವ ಮುಂಚೆ ಪಿಯುಕೆಯನ್ನು ಮೊದಲೇ ತರಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಶುರುಮಾಡಿದೆ. ಅನುಕ್ರಮ ಹೀಗೇ ಇರಲಿ: ಮೊದಲು ಪಿಯುಕೆ, ನಂತರ ಪಿನ್.

ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪನ ಫೋನ್ ರಾತ್ರಿ ತಾನಾಗಿ ಆಫ್ ಆಗಿ ಬೆಳಿಗ್ಗೆ ತಾನಾಗಿ ಆನ್ ಆಗುವ ಹಾಗೆ ಯಾರೋ ಹಿಂದೆ ಸೆಟ್ ಮಾಡಿದ್ದರು. ಬೆಳಿಗ್ಗೆ ಫೋನ್ ಆನ್ ಆಯಿತು, ಸಿಮ್ ಪಿನ್‌ಗೆ ಕಾಯುತ್ತಾ ನಿಂತಿತು. ಅಪ್ಪ ಗಡಿಯಾರ ಮಾತ್ರ ನೋಡಿ ಜೇಬಿಗೆ ಹಾಕಿಕೊಂಡು ತೋಟಕ್ಕೆ ಹೋದರು. ಗುಬ್ಬಿಯಿಂದ ಕಾಯಿ ಕೆಡವುವವರು ಬೆಳಗಿನಿಂದ ಕರೆ ಮಾಡಿ ಮಾಡಿ ಸಾಕಾಗಿ ಬೇರೆ ತೋಟಕ್ಕೆ ಹೋದರು. ಆ ಸಿಟ್ಟಿಗೆ ಅಪ್ಪ "ಈ ಪಿನ್ನೂ ಬೇಡ ಗಿನ್ನೂ ಬೇಡ, ತೆಗೆದುಬಿಡು" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಾನಾಗಿ ಆಫ್ ಆಗುವುದನ್ನು ತೆಗೆದುಹಾಕಿದೆ. ಅಪ್‌ಡೇಟ್ ಬರುವ ಉಳಿದ ಫೋನ್‌ಗಳಲ್ಲಿ ರಾತ್ರಿ ತಾನೇ ರೀಸ್ಟಾರ್ಟ್ ಆಗುವುದನ್ನೂ ನಿಲ್ಲಿಸಿದೆ; ಅಪ್‌ಡೇಟ್‌ಗಳನ್ನು ನಾನು ಊರಲ್ಲಿರುವಾಗ ಕೈಯಿಂದಲೇ ಹಾಕುತ್ತೇನೆ. ಆಮೇಲೆ ಆ ತೊಂದರೆ ಬಂದಿಲ್ಲ. ಹಿರಿಯರ ಫೋನಿಗೆ ಸಿಮ್ ಪಿನ್ ಹಾಕುವವರು ಇದನ್ನು ಮೊದಲೇ ನೋಡಿಕೊಳ್ಳಿ. ತುರ್ತಿನಲ್ಲಿ ಕರೆ ಬಾರದ ಫೋನ್ ಕಳುವಾದ ಫೋನಿಗಿಂತ ದೊಡ್ಡ ತೊಂದರೆ.

ತಂಗಿಯ ಐಫೋನ್‌ಗೆ ಇ-ಸಿಮ್ ಮಾಡಿಸಿದೆವು. ಕಿತ್ತು ತೆಗೆಯಲು ಕಾರ್ಡೇ ಇಲ್ಲ. ಫೋನ್ ಕೆಟ್ಟರೆ ತಕ್ಷಣ ಸಿಮ್ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳುವ ಅನುಕೂಲವೂ ಇಲ್ಲ. ಅವಳು ಅದಕ್ಕೆ ಒಪ್ಪಿದಳು, ಅಮ್ಮ ಒಪ್ಪಲಿಲ್ಲ.

ಹಂತ 5: ಯುಪಿಐ ಮತ್ತು ಗ್ಯಾಲರಿಯಲ್ಲಿ ಕೂತಿದ್ದ ಕಾರ್ಡ್‌ಗಳು

ಪಾವತಿ ಆ್ಯಪ್‌ಗಳಿಗೆಲ್ಲ ಆ್ಯಪ್ ಲಾಕ್ ಹಾಕಿದೆ. ಯುಪಿಐ ಪಿನ್, ಫೋನ್ ಪಿನ್, ಸಿಮ್ ಪಿನ್ ಮೂರೂ ಬೇರೆ ಬೇರೆ. ಅಮ್ಮನ ಆ್ಯಪ್‌ನಲ್ಲಿ ಯುಪಿಐ ಲೈಟ್ ಆನ್ ಆಗಿತ್ತು. ಅದರಲ್ಲಿ ಒಂದು ಸಲಕ್ಕೆ ₹1,000ದವರೆಗೆ ಪಿನ್ ಇಲ್ಲದೆ ಹೋಗುತ್ತದೆ, ಒಟ್ಟು ₹5,000 ತುಂಬಿಡಬಹುದು. ತರಕಾರಿಯವರಿಗೆ ಬೇಗ ಕೊಡಲು ಅಮ್ಮನಿಗೆ ಅದು ಬೇಕು. ತೆಗೆಯಲಿಲ್ಲ, ಒಳಗೆ ಇಡುವ ದುಡ್ಡನ್ನು ₹500ಕ್ಕೆ ಇಳಿಸಿದೆವು. ಹೋದರೆ ಅಷ್ಟೇ ಹೋಗಲಿ.

ಫೋಟೊಗಳಲ್ಲಿ ಕಾರ್ಡ್ ಎಂದು ಹುಡುಕಿದಾಗ ಸಿಕ್ಕದ್ದು: ಎರಡು ಎಟಿಎಂ ಕಾರ್ಡ್‌ಗಳ ಎರಡೂ ಬದಿ, ಮನೆಯವರೆಲ್ಲರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ. ಯಾವಾಗಲೋ ಯಾರಿಗೋ ವಾಟ್ಸಾಪ್‌ನಲ್ಲಿ ಕಳಿಸಿದ್ದು ಹಾಗೇ ಉಳಿದಿತ್ತು. ಕೆಲವು ಬ್ಯಾಂಕ್‌ಗಳಲ್ಲಿ ಕಾರ್ಡಿನ ಬದಲು ಆಧಾರ್ ಓಟಿಪಿಯಿಂದಲೂ ಯುಪಿಐ ಪಿನ್ ಹಾಕಬಹುದಾದ್ದರಿಂದ ಆಧಾರ್ ಫೋಟೊವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಎಲ್ಲ ಅಳಿಸಿದೆ. ಅಳಿಸಿದ್ದು ಗೂಗಲ್ ಫೋಟೊಸ್‌ನ ಟ್ರ್ಯಾಶ್‌ನಲ್ಲಿ 60 ದಿನದವರೆಗೆ ಇರುತ್ತದೆ, ಅದನ್ನೂ ಖಾಲಿ ಮಾಡಿದೆ. ವಾಟ್ಸಾಪ್ ಚಾಟ್‌ನೊಳಗಿನದನ್ನು ಬೇರೆಯಾಗಿ ಅಳಿಸಬೇಕು. ದಾಖಲೆ ಬೇಕಾದಾಗ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ತೆರೆದರಾಯಿತು.

ಹಂತ 6: ಮೆಮೊರಿ ಕಾರ್ಡ್ ಮತ್ತು ಬ್ಯಾಕಪ್

ಅಪ್ಪನ ಫೋನಿನ ಮೆಮೊರಿ ಕಾರ್ಡನ್ನು ಪಿನ್ನಿನ ಮೊನೆಯಿಂದ ತಟ್ಟೆ ಎಳೆದು ಹೊರತೆಗೆದು, ಕಾರ್ಡ್ ರೀಡರಿಗೆ ಹಾಕಿ ತಂಗಿಯ ಲ್ಯಾಪ್‌ಟಾಪಿಗೆ ಚುಚ್ಚಿದೆ. ಒಂದು ಪಾಸ್‌ವರ್ಡನ್ನೂ ಕೇಳದೆ ಎಲ್ಲ ತೆರೆಯಿತು. ತೋಟದ ಪಹಣಿ, ಸಹಕಾರ ಸಂಘದ ಸಾಲದ ಕಾಗದ, ಅಜ್ಜಿಯ ಕೊನೆಯ ದಿನಗಳ ವಿಡಿಯೊ, ನೆಂಟರ ಮದುವೆಗಳು. ಫೋನಿನ ಒಳಗಿನ ಸ್ಟೋರೇಜ್ ಈಗಿನ ಆಂಡ್ರಾಯ್ಡ್‌ಗಳಲ್ಲಿ ಎನ್‌ಕ್ರಿಪ್ಟ್ ಆಗಿರುತ್ತದೆ, ಪಿನ್ ಇಲ್ಲದೆ ಓದಲಾಗದು. ಮಾಮೂಲಾಗಿ ಹಾಕಿದ ಮೆಮೊರಿ ಕಾರ್ಡಿಗೆ ಆ ರಕ್ಷಣೆ ಇರುವುದಿಲ್ಲ. ಸ್ಕ್ರೀನಿಗೆ ಎಷ್ಟು ಗಟ್ಟಿ ಲಾಕ್ ಹಾಕಿದರೂ ಕಾರ್ಡು ಹೊರಗೆ ಬಂದರೆ ಮುಗಿಯಿತು.

ಎಲ್ಲವನ್ನೂ ಪೆನ್ ಡ್ರೈವ್‌ಗೂ ಲ್ಯಾಪ್‌ಟಾಪಿಗೂ ತೆಗೆದಿಟ್ಟು, ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಹಾಡುಗಳನ್ನು ಮಾತ್ರ ತುಂಬಿ ವಾಪಸ್ ಹಾಕಿದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫೋಟೊ ಉಳಿಯುವ ಜಾಗವನ್ನು ಫೋನ್ ಸ್ಟೋರೇಜ್‌ಗೆ ಬದಲಿಸುವುದನ್ನು ಬಿಟ್ಟರೆ ಮತ್ತೆ ಕಾರ್ಡಿಗೇ ಹೋಗುತ್ತದೆ, ಅದನ್ನೂ ಮಾಡಿದೆ.

ಗೂಗಲ್ ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ. ವಾಟ್ಸಾಪ್ ಬ್ಯಾಕಪ್ ಕೂಡ ಅದರಲ್ಲೇ ಸೇರುತ್ತದೆ. ಅಮ್ಮನ ಖಾತೆ ತುಂಬಿ ಬ್ಯಾಕಪ್ ನಿಂತೇ ಬಹಳ ಕಾಲವಾಗಿತ್ತು, ಫೋನ್ ಎಚ್ಚರಿಕೆ ಕೊಟ್ಟಾಗಲೆಲ್ಲ ಅಮ್ಮ ಅದನ್ನು ಸರಿಸಿಬಿಡುತ್ತಿದ್ದರು. ವಾಟ್ಸಾಪ್ ಗುಂಪುಗಳ ಗುಡ್ ಮಾರ್ನಿಂಗ್ ಚಿತ್ರ, ವಿಡಿಯೊಗಳನ್ನು ಅಳಿಸಿದ ಮೇಲೆ ಜಾಗವಾಯಿತು. ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ ಪಾಸ್‌ವರ್ಡ್ ಹಾಕಿದೆ. ವಾಟ್ಸಾಪ್‌ನ ಎರಡು ಹಂತದ ಆರಂಕಿ ಪಿನ್ ಕೂಡ ನಾಲ್ವರಿಗೂ ಹಾಕಿದೆ, ಇ-ಮೇಲ್ ಸೇರಿಸಿದೆ. ಸಿಮ್ ಕದ್ದವನು ಅಮ್ಮನ ಹೆಸರಿನಲ್ಲಿ ನೆಂಟರಿಗೆಲ್ಲ ದುಡ್ಡು ಕೇಳಿ ಮೆಸೇಜ್ ಹಾಕುವುದನ್ನು ತಡೆಯುವುದು ಇದೇ.

ಹಂತ 7: ಕಳುವಾದಂತೆ ಮಾಡಿ ನೋಡಿದ್ದು

ನನ್ನ ಫೋನನ್ನು ಸ್ವಿಚ್ ಆಫ್ ಮಾಡಿ ಗಾಡ್ರೆಜ್ ಬೀರುವಿನಲ್ಲಿಟ್ಟು ಅಮ್ಮನ ಕೈಗೆ ಬೀಗದ ಕೈ ಕೊಟ್ಟೆ. ಫೋನ್ ಹೋಗಿದೆ, ಮುಂದಿನದನ್ನೆಲ್ಲ ಅದಿಲ್ಲದೆ ಮಾಡಬೇಕು.

ಮೊದಲ ಹೆಜ್ಜೆಯಲ್ಲೇ ತಡೆ ಬಿತ್ತು. ಲ್ಯಾಪ್‌ಟಾಪಿನಲ್ಲಿ ಗೂಗಲ್ ಖಾತೆಗೆ ಪಾಸ್‌ವರ್ಡ್ ಕೊಟ್ಟೆ. ನಿಮ್ಮ ಫೋನಿನಲ್ಲಿ ಹೌದು ಎಂದು ಒತ್ತಿ ಎಂದಿತು. ಬೇರೆ ದಾರಿ ಕೇಳಿದರೆ ನಿಮ್ಮ ನಂಬರಿಗೆ ಮೆಸೇಜ್ ಕಳಿಸುತ್ತೇವೆ ಎಂದಿತು. ಎರಡೂ ಬೀರುವಿನಲ್ಲಿ. ಖಾತೆಯ ರಿಕವರಿ ನಂಬರೂ ನನ್ನದೇ.

ಬೀರು ತೆಗೆಸಿ ಸರಿಪಡಿಸಿದ್ದು ಹೀಗೆ. ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ಬ್ಯಾಕಪ್ ಕೋಡ್ ಎಂದು ಹತ್ತು ಕೋಡ್ ಕೊಡುತ್ತಾರೆ, ಒಂದೊಂದೂ ಎಂಟಂಕಿ, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಮುದ್ರಿಸಿದೆ. ರಿಕವರಿ ನಂಬರಿಗೆ ತಂಗಿಯ ನಂಬರ್ ಹಾಕಿದೆ, ಅವಳದಕ್ಕೆ ನನ್ನದು. ಮತ್ತೆ ಫೋನ್ ಬೀರುವಿಗೆ ಹೋಯಿತು. ಈ ಸಲ ಕೋಡ್ ಒತ್ತಿ ಒಳಗೆ ಹೋದೆ, ಫೋನ್ ಹುಡುಕಲು ಗೂಗಲ್ ಕೊಟ್ಟಿರುವ ಫೈಂಡ್ ಹಬ್‌ನಲ್ಲಿ ಫೋನ್ ಕೊನೆಯದಾಗಿ ಎಲ್ಲಿತ್ತು ಎನ್ನುವುದು ಕಂಡಿತು.

ಇನ್ನೊಂದು ಸುಲಭದ ದಾರಿಯೂ ಇದೆ. ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಲಾಕ್ ಎಂಬ ಪುಟದಲ್ಲಿ ಪಾಸ್‌ವರ್ಡ್ ಇಲ್ಲದೆ ಬರೀ ಫೋನ್ ನಂಬರಿನಿಂದ ತೆರೆ ಲಾಕ್ ಮಾಡಬಹುದು. ರಿಮೋಟ್ ಲಾಕ್ ಅನ್ನು ಮೊದಲೇ ಆನ್ ಮಾಡಿರಬೇಕು, ಫೋನ್ ಇಂಟರ್‌ನೆಟ್‌ನಲ್ಲಿರಬೇಕು. ಈ ಸಲ ಫೋನ್ ಆನ್ ಮಾಡಿಟ್ಟು ಅಮ್ಮನ ಕೈಯಲ್ಲಿ ಮಾಡಿಸಿದೆ. ನನ್ನ ಫೋನಿನ ತೆರೆ ಕಣ್ಣೆದುರೇ ಲಾಕ್ ಆದಾಗ ಅಮ್ಮ "ಇಷ್ಟೇನಾ?" ಎಂದರು. ಈಗ ಅವರಿಗೆ ಅದು ಬರುತ್ತದೆ.

ಈ ಪರೀಕ್ಷೆಯಲ್ಲಿ ತಿಳಿದ ಇನ್ನೊಂದು ತೊಡಕು: ಸಿಮ್ ಬ್ಲಾಕ್ ಮಾಡಿಸಿದ ಕ್ಷಣವೇ ಕದ್ದ ಫೋನಿನ ಮೊಬೈಲ್ ಡೇಟಾ ನಿಲ್ಲುತ್ತದೆ, ಲಾಕ್ ಮಾಡುವ ಆದೇಶವೂ ಅದಕ್ಕೆ ತಲುಪುವುದಿಲ್ಲ. ಹಾಗೆಂದು ಫೋನ್ ಹುಡುಕುತ್ತಾ ಸಿಮ್ಮನ್ನು ಹಾಗೇ ಬಿಟ್ಟರೆ ದುಡ್ಡಿಗೆ ಅಪಾಯ. ನಾವು ತೀರ್ಮಾನಿಸಿದ್ದು: ಮೊದಲು ಲಾಕ್, ಅದಕ್ಕೆ ಐದು ನಿಮಿಷ. ಆಗಲಿ ಬಿಡಲಿ, ಐದು ನಿಮಿಷದ ನಂತರ ಸಿಮ್ ಬ್ಲಾಕ್. ಎಲ್ಲ ಅಳಿಸುವ ಆಯ್ಕೆಯನ್ನು ಮೊದಲೇ ಒತ್ತಬಾರದು, ಆಂಡ್ರಾಯ್ಡ್ ಫೋನನ್ನು ಅಳಿಸಿದ ಮೇಲೆ ಹುಡುಕಲಾಗುವುದಿಲ್ಲ. ಖಾತೆಯ ಪಟ್ಟಿಯಿಂದ ಆ ಫೋನನ್ನು ತೆಗೆದುಹಾಕಲೂ ಬಾರದು, ಖಾತೆಯ ಬೀಗ ಫೋನಿನ ಮೇಲೆ ಉಳಿಯುವುದು ಅದರಿಂದಲೇ. ಐಫೋನ್ ಕದ್ದವರು ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ ಎಂದು ಮೆಸೇಜ್ ಕಳಿಸುವುದು ಆ ಖಾತೆಯ ಬೀಗ ನಮ್ಮ ಕೈಯಿಂದಲೇ ತೆಗೆಸುವುದಕ್ಕೆ.

ಹಂತ 8: ಒಂದು ಹಾಳೆ

ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ, ಅದರ ಜೆರಾಕ್ಸ್ ಎಲ್ಲರ ಪರ್ಸಿನಲ್ಲಿ. ಅದರಲ್ಲಿ ಇರುವುದು ಈ ಸಾಲುಗಳು ಮಾತ್ರ, ಇದೇ ಅನುಕ್ರಮದಲ್ಲಿ:

ಬೇರೆಯವರ ಫೋನಿನಿಂದ ಮನೆಗೆ ಕರೆ (ಮೂರು ನಂಬರ್ ಬರೆದಿದೆ). ಲಾಕ್. ಸಿಮ್ ಬ್ಲಾಕ್. ಬ್ಯಾಂಕಿಗೆ ಕರೆ, ಯುಪಿಐ ಮತ್ತು ಕಾರ್ಡ್ ನಿಲ್ಲಿಸಲು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ಪೊಲೀಸ್ ದೂರು, ಕಿತ್ತುಕೊಂಡು ಹೋಗುತ್ತಿರುವಾಗಲಾದರೆ 112. ಡೂಪ್ಲಿಕೇಟ್ ಸಿಮ್. ಸಿಇಐಆರ್ ಅರ್ಜಿ.

ಕೊನೆಯ ಎರಡರ ನಡುವೆ ಒಂದು ವಿಷಯ ಗೊತ್ತಿರಬೇಕು. ಡೂಪ್ಲಿಕೇಟ್ ಸಿಮ್ ಚಾಲೂ ಆದ ಮೇಲೆ 24 ಗಂಟೆ ಮೆಸೇಜ್ ಬರುವುದಿಲ್ಲ, ಹೋಗುವುದೂ ಇಲ್ಲ. ಸಿಮ್ ವಂಚನೆ ತಡೆಯಲು ಇರುವ ನಿಯಮ ಅದು. ಸಿಇಐಆರ್‌ಗೆ ಓಟಿಪಿ ಬೇಕಾದ್ದರಿಂದ ಮೆಸೇಜ್ ಬರುತ್ತಿಲ್ಲವೆಂದು ಕಂಗಾಲಾಗಬಾರದು, ಮರುದಿನ ಮಾಡಿದರಾಯಿತು. ದೂರು ಕೊಡುವಾಗ ಕಳುವಾದದ್ದನ್ನು ಕಳುವೆಂದೇ ಬರೆಸಬೇಕು, ಕಳೆದುಹೋಯಿತು ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನ 303ನೇ ಕಲಮು, ಕಿತ್ತುಕೊಂಡು ಹೋಗುವುದು 304ನೇ ಕಲಮು.

ಐಎಂಇಐ, ಬಿಲ್, ಪಿಯುಕೆ, ಬ್ಯಾಕಪ್ ಕೋಡ್ ಇರುವ ಫೈಲು ಬೀರುವಿನಲ್ಲಿದೆ, ಅದರ ಇನ್ನೊಂದು ಪ್ರತಿ ತಂಗಿಯ ಹತ್ತಿರ. ಯುಪಿಐ ಪಿನ್ ಎಲ್ಲೂ ಬರೆದಿಲ್ಲ.

ಹಂತ 9: ಜೇಬು

ಅಪ್ಪ ಫೋನ್ ಇಡುತ್ತಿದ್ದದ್ದು ಷರಟಿನ ಎದೆಜೇಬಿನಲ್ಲಿ. ಬಸ್ಸಿನ ಮೆಟ್ಟಿಲು ಹತ್ತುವಾಗ ಎರಡೂ ಕೈ ಕಂಬಿಯ ಮೇಲೆ, ಜೇಬು ಪಕ್ಕದವನ ಕೈಗೆ ಎಟುಕುವಷ್ಟು ಹತ್ತಿರ. ಮೊದಲು ಕೊರಳಿಗೆ ಹಾಕುವ ದಾರ ತಂದೆ. ಬಗ್ಗಿದಾಗಲೆಲ್ಲ ಜೋತಾಡುತ್ತದೆ, ತೋಟದಲ್ಲಿ ಕೆಲಸಕ್ಕೆ ಅಡ್ಡಬರುತ್ತದೆ ಎಂದು ಎರಡೇ ದಿನಕ್ಕೆ ಬಿಚ್ಚಿಟ್ಟರು. ಆ ದುಡ್ಡು ದಂಡ. ಅವರೇ ಹೇಳಿದ ಉಪಾಯ ಕೊನೆಗೆ ನಿಂತಿತು: ಪಂಚೆಯ ಒಳಗೆ ಹಾಕುವ ಪಟ್ಟಾಪಟ್ಟಿ ಚಡ್ಡಿಯ ಜೇಬು. ದುಡ್ಡಿಟ್ಟುಕೊಳ್ಳಲು ಅದಕ್ಕೆ ಜೇಬು ಇದ್ದೇ ಇರುತ್ತದೆ, ಈಗಿನ ಫೋನಿಗೆ ಆಳ ಸಾಲದು. ಟೈಲರ್ ಹತ್ತಿರ ಹೋಗಿ ಫೋನ್ ಇಟ್ಟು ಅಳತೆ ಕೊಟ್ಟೆವು. 20 ಸೆಂಟಿಮೀಟರ್ ಆಳ, ಬಾಯಿಗೆ ಜಿಪ್. ಕರೆ ಬಂದರೆ ತೆಗೆಯುವುದು ಕಷ್ಟ, ಆದ್ದರಿಂದ ಬಸ್ಸಿನಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಮಾತ್ರ ಅಲ್ಲಿ, ಮಿಕ್ಕಂತೆ ಎದೆಜೇಬೇ.

ತಂಗಿ ಬಿಎಂಟಿಸಿ ಬಸ್ಸಿನ ಕಿಟಕಿ ಪಕ್ಕ, ಬಾಗಿಲ ಹತ್ತಿರ ಫೋನ್ ತೆಗೆಯುವುದನ್ನು ನಿಲ್ಲಿಸಿದ್ದಾಳೆ. ಆಟೊ, ಕ್ಯಾಬ್‌ಗೆ ಕಾಯುವಾಗ ರಸ್ತೆಗೆ ಬೆನ್ನು ಮಾಡಿ, ಗೋಡೆ ಕಡೆಗೆ ನಿಂತು ನೋಡುತ್ತಾಳೆ.

ಖರ್ಚು

ಕಾರ್ಡ್ ರೀಡರ್ ₹150
64 ಜಿಬಿ ಪೆನ್ ಡ್ರೈವ್ ₹480
ಕೊರಳ ದಾರ ₹120
ಟೈಲರ್‌ಗೆ, ಜಿಪ್ ಸೇರಿ ₹80
ಪ್ರಿಂಟ್, ಜೆರಾಕ್ಸ್ ₹20
ಲ್ಯಾಮಿನೇಶನ್ ₹40
ಒಟ್ಟು ₹890

ಬಾಕಿ ಇರುವುದು

ನನ್ನ ಫೋನಿನಲ್ಲಿ ಲಾಕ್ ಸ್ಕ್ರೀನಿನಿಂದ ಏರೋಪ್ಲೇನ್ ಮೋಡ್ ತಡೆಯುವ ದಾರಿ ಇನ್ನೂ ಸಿಕ್ಕಿಲ್ಲ. ಅಪ್ಪನ ಫೋನಿಗೆ ಭದ್ರತಾ ಅಪ್‌ಡೇಟ್ ಬರುವುದು ನಿಂತಿದೆ, ಬದಲಿಸಬೇಕು.

ಎಲ್ಲಕ್ಕಿಂತ ದೊಡ್ಡ ಬಾಕಿ ಅಮ್ಮನ ಸಿಮ್. ಸಂಚಾರ್ ಸಾಥಿಯಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕ ಇವೆ ಎಂದು ಪ್ರತಿಯೊಬ್ಬರದೂ ನೋಡುವಾಗ ಅಮ್ಮನ ನಂಬರ್ ನಮ್ಮ ಯಾರ ಪಟ್ಟಿಯಲ್ಲೂ ಬರಲಿಲ್ಲ. ವಿಚಾರಿಸಿದರೆ, ಅದನ್ನು ವರ್ಷಗಳ ಹಿಂದೆ ತುರುವೇಕೆರೆಯ ಸೋದರಮಾವ ತಮ್ಮ ಹೆಸರಿನಲ್ಲಿ ತೆಗೆದುಕೊಟ್ಟದ್ದು. ಆ ಸಿಮ್ ಕಳುವಾದರೆ ಡೂಪ್ಲಿಕೇಟ್ ಪಡೆಯಲು ಮಾವನೇ ಆಧಾರ್ ಹಿಡಿದು ಬರಬೇಕು. ಅಮ್ಮನ ಬ್ಯಾಂಕ್ ಖಾತೆ, ಗ್ಯಾಸ್, ಆಧಾರ್ ಎಲ್ಲಕ್ಕೂ ಜೋಡಿಸಿರುವುದು ಆ ನಂಬರೇ. ಕಂಪನಿಯ ಅಂಗಡಿಯಲ್ಲಿ ಹೆಸರು ಬದಲಾವಣೆಗೆ ಇಬ್ಬರೂ ಬರಬೇಕು ಎಂದಿದ್ದಾರೆ. ಮಾವ ಮುಂದಿನ ಶನಿವಾರ ಬರುತ್ತಾರೆ. ಅಲ್ಲಿಯವರೆಗೆ ಅಮ್ಮ ಪೇಟೆಗೆ ಹೋಗುವಾಗ ಫೋನ್ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಾರೆ.